ಇದ್ದೀಯಾ ಎಂದಷ್ಟೇ ಕೇಳಿದರೆ ಸಾಲದು

ವಿಶಾಖಪಟ್ಟಣದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅಲ್ಲಿ ನಿನ್ನದು ಏನು ಕೆಲಸ ಎಂದು ಅವ್ವ ಕೇಳಿದ್ದಳು. ದೂರದ ಊರುಗಳ ಕಚೇರಿಗಳಲ್ಲಿ ಸರ್ವರ್‌ಗಳಿರುತ್ತವೆ, ಅವು ನಡೆಯುತ್ತಿವೆಯೋ ನಿಂತಿವೆಯೋ ಎಂದು ನಾವು ಇಲ್ಲಿಂದಲೇ ನೋಡುತ್ತಿರಬೇಕು ಎಂದೆ. "ಅಂದ್ರ ಹೊಲ ಕಾಯೋ ಕೆಲಸ ಅನ್ನು" ಎಂದಳು. ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ಹೊಲ ಕಾಯುವವನಿಗೆ ಹೊಲ ಕಣ್ಣೆದುರಿಗಿರುತ್ತದೆ, ನಮಗೆ ಅದು ಇರಲಿಲ್ಲ. ಆ ಕಾಣದಿರುವಿಕೆಯೇ ನಮ್ಮ ಕೆಲಸದ ಕಷ್ಟವೆಲ್ಲ.

ಕಚೇರಿ ಇದ್ದದ್ದು ದ್ವಾರಕಾ ನಗರದಲ್ಲಿ. ಒಂದು ಮಗ್ಗುಲಿಗೆ ಊರವರು ಆರ್‌ಟಿಸಿ ಕಾಂಪ್ಲೆಕ್ಸ್ ಎಂದು ಕರೆಯುವ ದೊಡ್ಡ ಬಸ್ ನಿಲ್ದಾಣ, ಇನ್ನೊಂದು ಮಗ್ಗುಲಿಗೆ ಡೈಮಂಡ್ ಪಾರ್ಕ್. ಆಸೀಲ್‌ಮೆಟ್ಟದ ಕಡೆ ನಡೆದರೆ ಹೊಸ ಗಾಡಿ ಕೊಂಡವರೆಲ್ಲ ಪೂಜೆಗೆ ಬರುವ ಸಂಪತ್ ವಿನಾಯಕನ ಗುಡಿ. ಓಣಿಗಳಿಗೆ ಫಸ್ಟ್ ಲೇನ್, ಸೆಕೆಂಡ್ ಲೇನ್ ಎಂದೇ ಹೆಸರು. ಬ್ಯಾಂಕ್ ಪರೀಕ್ಷೆಯ ಕೋಚಿಂಗ್ ಸೆಂಟರ್‌ಗಳು, ಕಂಪ್ಯೂಟರ್ ಬಿಡಿಭಾಗದ ಅಂಗಡಿಗಳು, ಜೆರಾಕ್ಸ್ ಅಂಗಡಿಗಳು, ಅವುಗಳ ನಡುವೆ ಪಬ್ಲಿಕ್ ಲೈಬ್ರರಿ. ಶ್ರೀಕಾಕುಳಂ, ವಿಜಯನಗರಂ ಜಿಲ್ಲೆಗಳ ಹುಡುಗರು ಅಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಓದುತ್ತ ಕೂತಿರುತ್ತಿದ್ದರು. ಬಳ್ಳಾರಿಯವನಾದ್ದರಿಂದ ತೆಲುಗು ನನಗೆ ಹೊಸದಲ್ಲ. 1953ರ ಅಕ್ಟೋಬರ್ 1ರವರೆಗೆ ನಮ್ಮ ಜಿಲ್ಲೆಯೂ ಈ ಊರೂ ಒಂದೇ ಮದ್ರಾಸ್ ರಾಜ್ಯದಲ್ಲಿದ್ದವು. ಆದರೂ ಉತ್ತರಾಂಧ್ರದ ತೆಲುಗಿಗೆ ಬೇರೆಯೇ ರಾಗವಿದೆ. ಚಹಾ ಅಂಗಡಿಯವರಿಂದ ಹಿಡಿದು ಕಚೇರಿಯ ಹಿರಿಯರವರೆಗೆ ಎಲ್ಲರ ಮಾತಿನ ಕೊನೆಗೂ ಒಂದು 'ಬಾಬೂ' ಇರುತ್ತಿತ್ತು. ಅದಕ್ಕೆ ಒಗ್ಗಿಕೊಂಡ ಮೇಲೆ ಊರು ನನ್ನದಾಯಿತು.

ನಮ್ಮ ಪಾಲಿಗೆ ಬಂದ ಊರುಗಳು ಅನಕಾಪಲ್ಲಿ, ನರ್ಸೀಪಟ್ನಂ, ಶ್ರೀಕಾಕುಳಂ ಮತ್ತು ಬೆಟ್ಟದ ಮೇಲಿನ ಪಾಡೇರು, ಅರಕು, ಚಿಂತಪಲ್ಲಿ. ಬೆಟ್ಟದ ಆದಿವಾಸಿ ಸೀಮೆಯನ್ನು ಅಲ್ಲಿ ಇವತ್ತಿಗೂ 'ಏಜೆನ್ಸಿ' ಎನ್ನುತ್ತಾರೆ, ಬ್ರಿಟಿಷರ ಕಾಲದ ಹೆಸರು ಹಾಗೇ ಉಳಿದಿದೆ. ಬಯಲಿನ ಕಚೇರಿಗಳಿಗೆ ಲೀಸ್ಡ್ ಲೈನ್, ಏಜೆನ್ಸಿಗೆ ಉಪಗ್ರಹದ ಮೂಲಕ ಮಾತಾಡುವ ವಿಸ್ಯಾಟ್ ಛತ್ರಿ. ಬೆಳಿಗ್ಗೆ ಬಂದವನು ಮೊದಲು ಮಾಡುತ್ತಿದ್ದ ಕೆಲಸ, ಒಂದೊಂದು ಊರಿಗೂ ಪಿಂಗ್ ಕೊಟ್ಟು ನೋಡುವುದು.

ಪಿಂಗ್ ಎಂಬುದು ಬಹಳ ಸಣ್ಣ ಪ್ರೋಗ್ರಾಂ. 1983ರ ಡಿಸೆಂಬರ್‌ನಲ್ಲಿ ಮೈಕ್ ಮೂಸ್ ಎಂಬ ಅಮೆರಿಕನ್ ಅದನ್ನು ಅಲ್ಲಿನ ಸೈನ್ಯದ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿಯಲ್ಲಿ ಬರೆದ. ಜಲಾಂತರ್ಗಾಮಿಗಳ ಸೋನಾರ್ ಅವನಿಗೆ ಸ್ಫೂರ್ತಿ. ಶಬ್ದ ಕಳಿಸು, ಮರಳುವ ಪ್ರತಿಧ್ವನಿಗೆ ಕಾಯಿ, ಬಂದರೆ ಎಷ್ಟು ಹೊತ್ತಾಯಿತು ನೋಡು. ವಿಶಾಖಪಟ್ಟಣದಲ್ಲಿ ಇದನ್ನು ಕಲಿಯುವವನಿಗೆ ಉದಾಹರಣೆ ಹುಡುಕಬೇಕಿರಲಿಲ್ಲ. ಅದು ಪೂರ್ವ ನೌಕಾಪಡೆಯ ಊರು. 2001ರಲ್ಲಿ ನಿವೃತ್ತಿಯಾದ ಐಎನ್ಎಸ್ ಕುರ್ಸುರಾ ಜಲಾಂತರ್ಗಾಮಿಯನ್ನು ಮರುವರ್ಷ ಆರ್‌ಕೆ ಬೀಚಿನ ದಡಕ್ಕೆ ತಂದು ಮ್ಯೂಸಿಯಂ ಮಾಡಿದ್ದರು. ಭಾನುವಾರಗಳಲ್ಲಿ ಅದರ ಒಳಗೆ ತಲೆ ಬಗ್ಗಿಸಿ ನಡೆಯುವಾಗ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸುತ್ತಿತ್ತು. ಕಡಲೊಳಗೆ ಇಂಥ ಉಕ್ಕಿನ ಕೊಳವೆಗೆ ತಾಗಿದ ಶಬ್ದ ಹಿಂದಿರುಗಿ ಬರುತ್ತದೆ. ಒಳಗೆ ಜನ ಉಸಿರಾಡುತ್ತಿದ್ದಾರೋ ಇಲ್ಲವೋ ಎಂಬುದನ್ನು ಆ ಪ್ರತಿಧ್ವನಿ ಹೇಳುವುದಿಲ್ಲ.

ಪಿಂಗ್ ಉತ್ತರದ ಸಮಯ ನೋಡಿಯೇ ದಾರಿ ಯಾವುದೆಂದು ಗೊತ್ತಾಗುತ್ತಿತ್ತು. ಲೀಸ್ಡ್ ಲೈನಿನ ಊರುಗಳು ಕೆಲವೇ ಮಿಲಿಸೆಕೆಂಡುಗಳಲ್ಲಿ ಉತ್ತರಿಸುತ್ತಿದ್ದವು. ಪಾಡೇರು ಸುಮಾರು ನೂರು ಕಿಲೋಮೀಟರ್ ಅಷ್ಟೇ ದೂರವಿದ್ದರೂ ಅದರ ಉತ್ತರಕ್ಕೆ ಅರ್ಧ ಸೆಕೆಂಡಿಗಿಂತ ಹೆಚ್ಚು ಕಾಯಬೇಕಿತ್ತು. ಪ್ರಶ್ನೆಯೂ ಉತ್ತರವೂ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಹತ್ತಿ ಇಳಿಯಬೇಕಲ್ಲ. ಜುಲೈ, ಆಗಸ್ಟ್‌ನಲ್ಲಿ ಬೆಟ್ಟದ ಮೇಲೆ ಮೋಡ ಕಟ್ಟಿದರೆ ಆ ಉತ್ತರಗಳಲ್ಲಿ ಕೆಲವು ದಾರಿಯಲ್ಲೇ ಕಳೆದುಹೋಗುತ್ತಿದ್ದವು. ಪರದೆಯ ಮುಂದೆ ಕೂತೇ, ಪಾಡೇರಿನಲ್ಲಿ ಈಗ ಮಳೆ ಜೋರಾಗಿದೆ ಎಂದು ನಾವು ಹೇಳಬಲ್ಲವರಾದೆವು.

ನಮ್ಮ ಮೇಲ್ವಿಚಾರಕರು ದೂರವಾಣಿ ಇಲಾಖೆಯಲ್ಲಿ ಬಹಳ ವರ್ಷ ದುಡಿದು ಬಂದವರು. 198ಕ್ಕೆ ಬರುವ ದೂರುಗಳನ್ನು ತೆಗೆದುಕೊಂಡು, ಎಕ್ಸ್‌ಚೇಂಜಿನ ಟೆಸ್ಟ್ ಡೆಸ್ಕಿನಿಂದ ಲೈನನ್ನು ಅಳೆದು, ದೋಷ ಚಂದಾದಾರರ ಮನೆಯದೋ ದಾರಿಯದೋ ಎಂದು ಹೇಳುತ್ತಿದ್ದವರು. ಉತ್ತರ ಬರಲಿಲ್ಲ ಎಂದು ಯಾರಾದರೂ ವರದಿ ಮಾಡಿದರೆ ಅವರಿಗೆ ಸಮಾಧಾನವಾಗುತ್ತಿರಲಿಲ್ಲ. "ಹೇಗೆ ಬರಲಿಲ್ಲ, ಬಾಬೂ?" ಎಂದು ಕೇಳುತ್ತಿದ್ದರು. ಆ 'ಹೇಗೆ' ಎಂಬುದರಲ್ಲೇ ಅವರ ಪಾಠವಿತ್ತು. ಟೆಲ್ನೆಟ್ ಕೊಟ್ಟು ಒಂದು ಪೋರ್ಟ್ ತಟ್ಟಿದಾಗ ಸಂಪರ್ಕ ನಿರಾಕರಿಸಲಾಗಿದೆ ಎಂಬ ಉತ್ತರ ಥಟ್ಟನೆ ಬಂದರೆ ಅದು ಒಳ್ಳೆಯ ಸುದ್ದಿ. ಯಂತ್ರ ಎದ್ದಿದೆ, ದಾರಿ ಸರಿಯಿದೆ, ಆ ಒಂದು ಸರ್ವೀಸ್ ಮಾತ್ರ ಓಡುತ್ತಿಲ್ಲ. ಅದನ್ನು ಇಲ್ಲಿಂದಲೇ ಮತ್ತೆ ಶುರು ಮಾಡಬಹುದು. ನಡುದಾರಿಯ ರೂಟರ್ ಒಂದು, ಆ ಯಂತ್ರವನ್ನು ತಲುಪಲಾಗುತ್ತಿಲ್ಲ ಎಂದು ತಾನೇ ಹೇಳಿದರೆ ದೋಷ ಅದರ ಆಚೆ ಎಲ್ಲೋ ಇದೆ. ಏನೂ ಬರದೆ ಕರ್ಸರ್ ಮಿನುಗುತ್ತಲೇ ಉಳಿದರೆ ಮಾತ್ರ ಕಷ್ಟ. ಕರೆಂಟ್ ಹೋಗಿರಬಹುದು, ಕೇಬಲ್ ಕಡಿದಿರಬಹುದು, ಫೈರ್‌ವಾಲ್ ನಮ್ಮ ಪ್ರಶ್ನೆಯನ್ನೇ ನುಂಗುತ್ತಿರಬಹುದು. ಆಗ ಫೋನ್ ಎತ್ತಬೇಕು.

ಫೋನ್ ಎತ್ತಿದರೆ ಆ ಕಡೆ ಸಿಗುತ್ತಿದ್ದವರು ಹೆಚ್ಚಾಗಿ ಕಚೇರಿಯ ಅಟೆಂಡರ್. ಮೋಡೆಮ್ ಮೇಲೆ ಯಾವ ದೀಪ ಹತ್ತಿದೆ, ಯಾವುದು ಮಿನುಗುತ್ತಿದೆ, ಯುಪಿಎಸ್ ಕೂಗುತ್ತಿದೆಯೇ ಎಂದು ಕೇಳುವುದು. ಅವರು ಬಾಗಿ ನೋಡಿ ಬಂದು ಹೇಳುವುದು. ಎಷ್ಟೋ ಊರುಗಳಲ್ಲಿ ನಮ್ಮ ಅತ್ಯಂತ ನಂಬಿಕಸ್ಥ ಉಪಕರಣ ಆ ಅಟೆಂಡರ್‌ಗಳೇ ಆಗಿದ್ದರು. ಅವರ ಹೆಸರು ಯಾವ ವರದಿಯಲ್ಲೂ ಬರಲಿಲ್ಲ ಎಂಬುದು ನನಗೆ ಈಗಲೂ ನೋವು.

2003ರ ಆಗಸ್ಟ್‌ನಲ್ಲಿ ವೆಲ್ಚಿಯಾ ಎಂಬ ವರ್ಮ್ ಲೋಕದ ತುಂಬ ಹರಡಿತು. ಹೊಸ ಬಲಿಯನ್ನು ಹುಡುಕಲು ಅದು ಬಳಸುತ್ತಿದ್ದದ್ದು ಪಿಂಗನ್ನೇ. ಲೈನುಗಳೆಲ್ಲ ಪಿಂಗ್‌ಗಳಿಂದ ತುಂಬಿಹೋದವು, ನೆಟ್‌ವರ್ಕ್ ನಡೆಸುವವರು ಅದನ್ನು ತಡೆದರು, ಬಹಳ ಕಡೆ ಆ ತಡೆ ಶಾಶ್ವತವಾಗಿ ಉಳಿಯಿತು. ಅಲ್ಲಿಂದಾಚೆಗೆ ಪಿಂಗ್‌ಗೆ ಉತ್ತರವಿಲ್ಲ ಎಂದರೆ ಯಂತ್ರ ಸತ್ತಿದೆ ಎಂದು ಹೇಳುವಂತಿರಲಿಲ್ಲ. ಅದಕ್ಕೆ ತದ್ವಿರುದ್ಧವಾದ ಇನ್ನೊಂದು ಮಾತು, ಉತ್ತರ ಬಂದರೂ ಕೆಲಸ ನಡೆಯುತ್ತಿದೆ ಎಂದಲ್ಲ ಎಂಬುದು, ನನಗೆ ತಲೆಗೆ ಗೊತ್ತಿತ್ತು. ಎದೆಗೆ ಗೊತ್ತಾದದ್ದು ಪಾಡೇರಿನಲ್ಲಿ.

ವಿಸ್ಯಾಟ್ ಛತ್ರಿಯ ದಿಕ್ಕು ಸರಿಪಡಿಸುವ ಕೆಲಸಕ್ಕೆ ತಂತ್ರಜ್ಞರ ಜೊತೆ ನಾನೂ ಹೋಗಿದ್ದೆ. ಘಾಟಿ ಹತ್ತಿ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡಗಳನ್ನು ನೋಡುತ್ತ ಪಾಡೇರು ತಲುಪಿದಾಗ ಕೊಡಗಿನ ಅಂಚಿಗೆ ಬಂದಂತೆ ಅನ್ನಿಸಿತ್ತು. ಹೊರಡುವ ಮುಂಚೆ ದ್ವಾರಕಾ ನಗರದ ಪರದೆಯ ಮೇಲೆ ಪಾಡೇರು ಹಸಿರಾಗಿತ್ತು. ನಾವು ಕಾಯುತ್ತಿದ್ದ ಅಲ್ಲಿನ ಶಾಖೆಯ ಜಗಲಿಯ ಮೇಲೆ ಮುದುಕ ಮುದುಕಿಯರು ತುಂಬಿದ್ದರು. ಅದು ಪಿಂಚಣಿ ಕೊಡುವ ದಿನ. ಕೆಲವರು ಹಿಂದಿನ ಸಂಜೆಯೇ ತಮ್ಮ ಹಾಡಿಗಳಿಂದ ನಡೆದು ಬಂದು ಯಾರದೋ ಪಡಸಾಲೆಯಲ್ಲಿ ಮಲಗಿದ್ದವರು. ಏನಾಯಿತೆಂದು ಕೇಳಿದಾಗ ಒಬ್ಬ ಅಜ್ಜಿ, "ಮಿಷನು ಪನಿಚೇಯಟ್ಲೇದಂಟ, ಬಾಬೂ" ಎಂದಳು, ಯಂತ್ರ ಕೆಲಸ ಮಾಡುತ್ತಿಲ್ಲವಂತೆ ಎಂದು. ಸಿಟ್ಟಿಲ್ಲ, ದೂರಿಲ್ಲ. ಮಳೆ ಬರುತ್ತದಂತೆ ಎಂದು ಹೇಳುವ ಧ್ವನಿಯಲ್ಲೇ ಹೇಳಿದಳು.

ಒಳಗೆ ಹೋಗಿ ನೋಡಿದರೆ ಲೈನ್ ಸರಿಯಿದೆ, ಯಂತ್ರ ಎದ್ದಿದೆ, ಡೇಟಾಬೇಸಿನ ಪೋರ್ಟ್ ಕೂಡ ತೆರೆದಿದೆ. ಆದರೆ ಡೇಟಾಬೇಸ್ ತನ್ನ ಲಾಗ್ ಬರೆಯಲು ಡಿಸ್ಕಿನಲ್ಲಿ ಜಾಗವಿಲ್ಲದೆ ಸ್ತಬ್ಧವಾಗಿ ನಿಂತಿದೆ. ಇಲ್ಲಿ ಒಂದು ಒಳಗುಟ್ಟಿದೆ. ಹೊರಗಿನಿಂದ ಬರುವ ಸಂಪರ್ಕವನ್ನು ಮೊದಲು ಒಪ್ಪಿಕೊಳ್ಳುವುದು ಸರ್ವೀಸ್ ಪ್ರೋಗ್ರಾಂ ಅಲ್ಲ, ಅದರ ಕೆಳಗಿರುವ ಆಪರೇಟಿಂಗ್ ಸಿಸ್ಟಮ್. ಮೇಲಿನ ಪ್ರೋಗ್ರಾಂ ಕಲ್ಲಾಗಿ ಕೂತಿದ್ದರೂ, ಸರದಿಯಲ್ಲಿ ಜಾಗ ಇರುವ ತನಕ ಆಪರೇಟಿಂಗ್ ಸಿಸ್ಟಮ್ ಬಂದವರಿಗೆಲ್ಲ ಸರಿ, ಬನ್ನಿ ಎನ್ನುತ್ತಲೇ ಇರುತ್ತದೆ. ನಮ್ಮ ತಪಾಸಣೆ ಆ 'ಬನ್ನಿ' ಕೇಳಿಸಿಕೊಂಡು ತೃಪ್ತಿಯಿಂದ ಹಿಂದಿರುಗುತ್ತಿತ್ತು. ಹಳೆಯ ಲಾಗ್ ಫೈಲುಗಳನ್ನು ಬೇರೆಡೆಗೆ ಸಾಗಿಸಿ ಜಾಗ ಮಾಡಿದ ಸ್ವಲ್ಪ ಹೊತ್ತಿಗೆಲ್ಲ ಕೌಂಟರ್ ನಡೆಯತೊಡಗಿತು. ಆ ಅಜ್ಜಿ ಹಣ ಎಣಿಸಿ ಸೆರಗಿನಲ್ಲಿ ಗಂಟು ಹಾಕಿಕೊಂಡು ಹೋದಳು. ನಾವು ಅವತ್ತು ಬೇರೆ ಕೆಲಸಕ್ಕೆ ಅಲ್ಲಿಗೆ ಬಾರದಿದ್ದರೆ ಅವರೆಲ್ಲ ಬರಿಗೈಯಲ್ಲಿ ಕಾಡಿನ ದಾರಿ ಹಿಡಿಯುತ್ತಿದ್ದರು, ನಮ್ಮ ತಿಂಗಳ ವರದಿಯಲ್ಲಿ ಪಾಡೇರಿನ ಸಾಲು ನಿಷ್ಕಳಂಕವಾಗಿರುತ್ತಿತ್ತು.

ಆ ವರದಿಗಳ ಲೆಕ್ಕದ ಬಗ್ಗೆ ನನಗೆ ಅಂದಿನಿಂದ ಗೌರವ ಕಡಿಮೆಯಾಯಿತು. ಶೇಕಡ 99 ಕಾಲ ಸೇವೆ ಲಭ್ಯವಿತ್ತು ಎಂದು ಬರೆಯುತ್ತೇವೆ. ಮೂವತ್ತು ದಿನದ ತಿಂಗಳಲ್ಲಿ ಉಳಿದ ಶೇಕಡ ಒಂದು ಎಂದರೆ ಏಳು ಗಂಟೆಗೂ ಹೆಚ್ಚು. ಅದು ರಾತ್ರಿಗಳಲ್ಲಿ ಹಂಚಿಹೋದರೆ ಯಾರಿಗೂ ತಿಳಿಯದು. ಪಿಂಚಣಿಯ ದಿನ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಒಟ್ಟಿಗೇ ಬಂದರೆ ಒಂದು ಮಂಡಲದ ಮುದುಕರೆಲ್ಲ ಉಪವಾಸ. ಎರಡಕ್ಕೂ ವರದಿಯಲ್ಲಿ ಒಂದೇ ಅಂಕಿ.

ಬೆಟ್ಟದಿಂದ ಇಳಿದು ಬಂದ ಮೇಲೆ ಮೇಲ್ವಿಚಾರಕರ ಬಳಿ ಕೂತು ಮಾತಾಡಿದೆ. ಅವರು ಒಂದೇ ಪ್ರಶ್ನೆ ಹಾಕಿದರು: "ಕೌಂಟರಿನಲ್ಲಿ ಕೂತವನು ಯಂತ್ರವನ್ನು ಏನು ಕೇಳುತ್ತಾನೆ?" ಒಂದು ಖಾತೆಯ ಸಂಖ್ಯೆ ಕೊಟ್ಟು, ಇದರಲ್ಲಿ ಎಷ್ಟಿದೆ ಎಂದು ಕೇಳುತ್ತಾನೆ. "ಹಾಗಾದರೆ ನಾವೂ ಅದನ್ನೇ ಕೇಳೋಣ." ಪ್ರತಿ ಶಾಖೆಯಲ್ಲೂ ಒಂದು ಪರೀಕ್ಷೆಯ ಖಾತೆ ತೆರೆಯಲು ಅನುಮತಿ ಪಡೆಯುವುದಕ್ಕೆ ಸ್ಕ್ರಿಪ್ಟ್ ಬರೆಯುವುದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯಿತು. ಆದರೂ ಅವರು ಬಿಡಲಿಲ್ಲ.

ಅಷ್ಟರಲ್ಲಿ ನಾವು ನಾಗಿಯೋಸ್ ಬಳಸತೊಡಗಿದ್ದೆವು. ಈಥನ್ ಗಾಲ್‌ಸ್ಟಾಡ್ ಎಂಬಾತ 1999ರಲ್ಲಿ ನೆಟ್‌ಸೇಂಟ್ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದ್ದ ಉಚಿತ ತಂತ್ರಾಂಶ ಅದು. ಪ್ರತಿ ತಪಾಸಣೆಯೂ ಒಂದು ಅಂಕಿಯನ್ನು ಹಿಂದಿರುಗಿಸಬೇಕು. ಸೊನ್ನೆ ಎಂದರೆ ಸರಿ, ಒಂದು ಎಂದರೆ ಎಚ್ಚರಿಕೆ, ಎರಡು ಎಂದರೆ ಅಪಾಯ, ಮೂರು ಎಂದರೆ ಗೊತ್ತಿಲ್ಲ. ಆ 'ಮೂರು' ನನಗೆ ಬಹಳ ಹಿಡಿಸಿತು. ಕಾವಲುಗಾರ ತನಗೆ ಕಾಣುತ್ತಿಲ್ಲ ಎಂದು ಹೇಳಲು ಒಂದು ಅಂಕಿಯನ್ನೇ ಮೀಸಲಿಟ್ಟವನು ಈ ಕೆಲಸವನ್ನು ಚೆನ್ನಾಗಿ ಬಲ್ಲವನು. ಯಾವ ಊರಿನ ದಾರಿ ಯಾವ ಊರಿನ ಮೂಲಕ ಹೋಗುತ್ತದೆ ಎಂಬುದನ್ನೂ ಅದಕ್ಕೆ ಹೇಳಿಕೊಡಬಹುದಿತ್ತು. ವಿಜಯನಗರಂ ಲಿಂಕ್ ಬಿದ್ದರೆ ಅದರ ಆಚೆಗಿನ ಶ್ರೀಕಾಕುಳಂ ಅನ್ನು ಅದು 'ಡೌನ್' ಎನ್ನದೆ 'ತಲುಪಲಾಗುತ್ತಿಲ್ಲ' ಎಂದು ತೋರಿಸುತ್ತಿತ್ತು.

2014ರ ಅಕ್ಟೋಬರ್ 12, ಭಾನುವಾರ. ಹುದ್‌ಹುದ್ ಚಂಡಮಾರುತ ಬರುವುದು ನಾಲ್ಕಾರು ದಿನ ಮುಂಚೆಯೇ ಗೊತ್ತಿತ್ತು. ಶನಿವಾರ ರಾತ್ರಿ ಕಚೇರಿಯಲ್ಲೇ ಉಳಿದೆವು. ಬೆಳಗಿನ ಜಾವದಿಂದ ಒಂದೊಂದೇ ಊರು ಕೆಂಪಾಗತೊಡಗಿತು. ಮೊದಮೊದಲು ನಾವು ಒಂದೊಂದನ್ನೂ ಬಿಡಿಸಿ ನೋಡುತ್ತಿದ್ದೆವು, ಇದು ಕರೆಂಟ್, ಇದು ಲೈನ್ ಎಂದು. ಆಮೇಲೆ ಗಾಳಿಯ ಸದ್ದಿನಲ್ಲಿ ಪಕ್ಕದವನ ಮಾತೇ ಕೇಳದಾಯಿತು. ನಮ್ಮ ಕಟ್ಟಡದ ಎರಡು ಲಿಂಕುಗಳೂ ಹೋದಾಗ ಪರದೆ ಒಮ್ಮೆಲೇ ಬಣ್ಣಗೆಟ್ಟಿತು. ತಲುಪಲಾಗುತ್ತಿಲ್ಲ, ತಲುಪಲಾಗುತ್ತಿಲ್ಲ. ಸೆಲ್ಲಾರ್‌ಗೆ ನೀರು ನುಗ್ಗಿದ್ದರಿಂದ ಜನರೇಟರ್ ಆರಿಸಬೇಕಾಯಿತು, ಯುಪಿಎಸ್ ಬ್ಯಾಟರಿ ಮುಗಿದ ಮೇಲೆ ಪರದೆಯೂ ಕಪ್ಪಾಯಿತು. ಗಂಟೆಗೆ ಸುಮಾರು 180 ಕಿಲೋಮೀಟರ್ ವೇಗದ ಗಾಳಿ ಮಧ್ಯಾಹ್ನದ ಹೊತ್ತಿಗೆ ದಡಕ್ಕೆ ಬಡಿಯಿತು. ಚಂಡಮಾರುತವನ್ನು ನೋಡುತ್ತಿದ್ದ ವಿಶಾಖಪಟ್ಟಣದ ಡಾಪ್ಲರ್ ರಾಡಾರ್ ಕೂಡ ಅದೇ ಗಾಳಿಗೆ ಸಿಕ್ಕು ನಿಂತುಹೋಯಿತು. ವಿಮಾನ ನಿಲ್ದಾಣದ ಚಾವಣಿ ಕಿತ್ತುಹೋಯಿತು. ದ್ವಾರಕಾ ನಗರದ ಓಣಿಗಳಲ್ಲಿ ಮರ, ಕಂಬ, ಹೋರ್ಡಿಂಗ್ ಒಂದರ ಮೇಲೊಂದು ಬಿದ್ದು ನಡೆಯಲು ದಾರಿ ಇರಲಿಲ್ಲ.

ಮೊಬೈಲ್ ಟವರ್‌ಗಳೂ ಸುಮ್ಮನಾದವು. ಬಳ್ಳಾರಿಯಲ್ಲಿ ಅವ್ವ ನನ್ನ ನಂಬರ್ ಒತ್ತುತ್ತಲೇ ಇದ್ದಳಂತೆ. ಪ್ರತಿ ಸಲವೂ ಆ ರೆಕಾರ್ಡ್ ಮಾಡಿದ ಹೆಂಗಸಿನ ದನಿ, ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು. ನಾನು ಯಾವ ಮೌನಗಳನ್ನು ವಿಂಗಡಿಸಿ ಸಂಬಳ ಪಡೆಯುತ್ತಿದ್ದೆನೋ ಅಂಥದೇ ಒಂದು ಮೌನದ ಮುಂದೆ ಅವಳು ಕೂತಿದ್ದಳು. ಅದು ಟವರಿನ ಮೌನವೋ ಮಗನ ಮೌನವೋ ಎಂದು ತಿಳಿಯುವ ಉಪಾಯ ಅವಳ ಕೈಯಲ್ಲಿರಲಿಲ್ಲ. ಟೀವಿಯಲ್ಲಿ ಬಿದ್ದ ಮರಗಳನ್ನೂ ಹಾರಿದ ತಗಡುಗಳನ್ನೂ ಮತ್ತೆ ಮತ್ತೆ ತೋರಿಸುತ್ತಿದ್ದರು.

ಹೆದ್ದಾರಿ ತೆರೆದು ಆರ್‌ಟಿಸಿ ಕಾಂಪ್ಲೆಕ್ಸಿನಿಂದ ವಿಜಯವಾಡದ ಬಸ್ಸುಗಳು ಹೊರಡತೊಡಗಿದ ಕೂಡಲೇ ಒಂದು ಚೀಟಿ ಬರೆದುಕೊಂಡು ಓಡಿದೆ. ವಿಜಯವಾಡದ ನಮ್ಮ ಕಚೇರಿಯ ಗೆಳೆಯನ ನಂಬರ್, ಅವ್ವನ ನಂಬರ್, ಎರಡು ಸಾಲು ಒಕ್ಕಣೆ. ಚಾಲಕನ ಅಂಗಿಯ ಜೇಬಿನಲ್ಲಿ ಆಗಲೇ ಅಂಥ ಚೀಟಿಗಳ ಕಂತೆ ಇತ್ತು. ಏನೂ ಕೇಳದೆ ನನ್ನದನ್ನೂ ಸೇರಿಸಿಕೊಂಡ. ರಾಜಮಂಡ್ರಿ ದಾಟುವ ಮೊದಲೇ, ಸಿಗ್ನಲ್ ಸಿಕ್ಕ ಕಡೆ ಬಸ್ಸಿನ ಪ್ರಯಾಣಿಕರು ಆ ನಂಬರುಗಳನ್ನೆಲ್ಲ ಹಂಚಿಕೊಂಡು ಕರೆ ಮಾಡಿದ್ದರು ಎಂದು ಆಮೇಲೆ ಗೊತ್ತಾಯಿತು. ಅವ್ವನಿಗೆ ಫೋನ್ ಮಾಡಿದವರು ಯಾರೋ ಗುರುತಿಲ್ಲದ ಹೆಂಗಸು. "ಮೀ ಅಬ್ಬಾಯಿ ಬಾಗುನ್ನಾಡಮ್ಮಾ" ಎಂದರಂತೆ, ನಿಮ್ಮ ಮಗ ಚೆನ್ನಾಗಿದ್ದಾನಮ್ಮ ಎಂದು. ಅವ್ವನಿಗೆ ತೆಲುಗು ಬರುತ್ತದೆ. ನನ್ನ ಮೊಬೈಲಿಗೆ ಸಿಗ್ನಲ್ ಮರಳಿ ನಾನೇ ಮಾತಾಡಿದಾಗ ಅವಳು ಕೇಳಿದ್ದು, "ಉಂಡ್ಯೇನಪ್ಪಾ? ಕುಡಿಯಾಕ ನೀರು ಐತೇನು?"

ಹಾಲಿಗೆ, ಪೆಟ್ರೋಲಿಗೆ, ಕುಡಿಯುವ ನೀರಿಗೆ ಊರಿನಲ್ಲಿ ಉದ್ದುದ್ದ ಸಾಲು. ಅಂಥ ದಿನಗಳಲ್ಲೂ ನಮ್ಮ ಹುಡುಗರು ಸೈಕಲ್ ಮೇಲೆ ಹೋಗಿ ಹತ್ತಿರದ ಕಚೇರಿಗಳ ಬ್ಯಾಟರಿ ನೋಡಿ ಬರುತ್ತಿದ್ದರು. ವಿಜಯವಾಡದಿಂದ ಬಂದ ಸುದ್ದಿ ಒಂದು ನಮ್ಮನ್ನು ಯೋಚನೆಗೆ ಹಚ್ಚಿತು. ದ್ವಾರಕಾ ನಗರದ ಪರದೆ ಕಪ್ಪಾಗುವ ಮುಂಚೆ ನಾವು ಹೋಯಿತು ಎಂದುಕೊಂಡಿದ್ದ ಶ್ರೀಕಾಕುಳಂ ಕಡೆಯ ಒಂದೆರಡು ವಿಸ್ಯಾಟ್ ಕಚೇರಿಗಳು ಇಡೀ ದಿನ ವಿಜಯವಾಡಕ್ಕೆ ಉತ್ತರ ಕೊಡುತ್ತಲೇ ಇದ್ದವು. ಬಿದ್ದದ್ದು ನಾವು, ಅವರಲ್ಲ. ಮುಂದಿನ ತಿಂಗಳುಗಳಲ್ಲಿ ತಪಾಸಣೆಯನ್ನು ಎರಡೂ ಊರುಗಳಿಂದ ನಡೆಸುವ ಏರ್ಪಾಡಾಯಿತು. ವಿಜಯವಾಡ ವಿಶಾಖಪಟ್ಟಣವನ್ನು ನೋಡಬೇಕು, ವಿಶಾಖಪಟ್ಟಣ ವಿಜಯವಾಡವನ್ನು ನೋಡಬೇಕು, ಇಬ್ಬರೂ ಒಪ್ಪಿದ ಮೇಲೆಯೇ ಒಂದು ಊರನ್ನು ಡೌನ್ ಎನ್ನಬೇಕು. ಕಂಬಗಳು ಉರುಳಿದ ಊರಿನಲ್ಲಿ ಮುಂದೆ ವಿದ್ಯುತ್ ಕೇಬಲ್‌ಗಳನ್ನು ನೆಲದಡಿಗೆ ಇಳಿಸುವ ಕಾಮಗಾರಿಯೂ ಶುರುವಾಯಿತು.

ನಾನು ಈಗ ಬಳ್ಳಾರಿಯಲ್ಲಿದ್ದೇನೆ. ನ್ಯಾಯಬೆಲೆ ಅಂಗಡಿಯ ಮುಂದೆ ಬೆರಳಚ್ಚು ಕೊಡಲು ನಿಂತ ಜನಕ್ಕೆ 'ಸರ್ವರ್ ಇಲ್ಲ, ನಾಳೆ ಬನ್ನಿ' ಎಂದು ಹೇಳುವುದು ಕೇಳಿಸಿದಾಗಲೆಲ್ಲ ಕಾಲು ಅಲ್ಲೇ ನಿಲ್ಲುತ್ತದೆ. ಆ ಹೊತ್ತಿಗೆ ಎಲ್ಲೋ ಒಂದು ಕೋಣೆಯಲ್ಲಿ ಒಂದು ಪರದೆ ಹಸಿರಾಗಿರಬಹುದು. ಆ ಕೋಣೆಯಲ್ಲಿ ಕೂತವರು ಕೆಟ್ಟವರಲ್ಲ, ಅವರಿಗೆ ಈ ಸಾಲು ಕಾಣುತ್ತಿಲ್ಲ.

ವಿಶಾಖಪಟ್ಟಣ ಬಿಡುವ ಮುಂಚೆ ಕಚೇರಿಯಲ್ಲಿ ನಾನು ಕೇಳಿಕೊಂಡದ್ದು ಒಂದೇ. ಎರಡು ದೊಡ್ಡ ಊರುಗಳಿಂದ ಕೇಳುವುದರ ಜೊತೆಗೆ, ಶಾಖೆಯ ಕೌಂಟರಿನ ಕಂಪ್ಯೂಟರ್‌ನಿಂದಲೇ ಒಂದು ತಪಾಸಣೆ ಓಡಲಿ. ಪರೀಕ್ಷೆಯ ಖಾತೆಯ ಬಾಕಿ ಎಷ್ಟೆಂದು ಅದು ಕೇಳಲಿ, ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ನಮಗೆ ಹೇಳಲಿ, ಪಿಂಚಣಿಯ ದಿನಗಳಲ್ಲಿ ಅದು ತಡವಾದರೆ ಯಾರಾದರೂ ಒಬ್ಬರು ಕೂಡಲೇ ಅಟೆಂಡರ್‌ಗೆ ಫೋನ್ ಮಾಡಲಿ. ಒಪ್ಪಿದರು. ಮೊದಲು ಪಾಡೇರಿನಲ್ಲಿ ಹಾಕಿದರು, ಆಮೇಲೆ ಅರಕು ಮತ್ತು ಚಿಂತಪಲ್ಲಿಯಲ್ಲಿ.